ಅಪ್‌ಡೇಟ್: ಮ್ಯಾಜಿಕ್ ಕಿಂಗ್‌ಡಮ್‌ನ ಬೇಸಿಗೆ ಸಾಲು, ಕೊನೆಗೂ ದಾರಿ ಸಿಕ್ಕಿತು

ಜುಲೈನಲ್ಲಿ ಅಪ್ಪ ಅಮ್ಮನ ಜೊತೆ ಅಮೆರಿಕದ ಫ್ಲೋರಿಡಾದಲ್ಲಿ ಒರ್ಲಾಂಡೊ ಹತ್ತಿರ ಇರೋ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗ್ತಿದ್ದೇವೆ, ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲೋದು ತಪ್ಪಿಸೋದು ಹೇಗೆ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು.

ಊಟದ ಹೊತ್ತಲ್ಲಿ ಸಾಲು ಕಮ್ಮಿ ಅನ್ನೋ ಸಲಹೆ ನಡೆಯಲಿಲ್ಲ. ಮಧ್ಯಾಹ್ನ ಗುಡುಗು ಶುರುವಾಯಿತು, ಹೊರಗಿನ ರೈಡ್‌ಗಳೆಲ್ಲ ನಿಂತವು, ಜನ ಸೂರಿರೋ ಕಡೆಗೇ ನುಗ್ಗಿದರು. ಫ್ಲೋರಿಡಾದಲ್ಲಿ ಬೇಸಿಗೆ ಅಂದ್ರೆ ಇದು ಮಾಮೂಲಿ.

ಫಲಿಸಿದ್ದು ರಾತ್ರಿಯ ಉಪಾಯ. ಪಾರ್ಕ್ ಮುಚ್ಚೋಕೆ ಒಂದು ನಿಮಿಷ ಮುಂಚೆ ಸಾಲಿಗೆ ಸೇರಿದರೂ ಸಾಕು, ರೈಡ್ ಹತ್ತಿಸಿಯೇ ಕಳಿಸ್ತಾರೆ! ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್ ಅನ್ನೋ ರೋಲರ್ ಕೋಸ್ಟರ್ ಹತ್ತಿರ ಬೋರ್ಡ್‌ನಲ್ಲಿ ಕಾಯೋ ಸಮಯ 50 ನಿಮಿಷ ಅಂತಿತ್ತು, ಅರ್ಧ ಗಂಟೆಯೊಳಗೇ ಕೂತೆವು. ಮಂಡಿನೋವು ಅಂತಿದ್ದ ಅಮ್ಮ ಕಂಬಿ ಗಟ್ಟಿಯಾಗಿ ಹಿಡಿದು ನಗ್ತಾನೇ ಇದ್ದರು. ಈ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ಇನ್ನೊಂದು ವಿಷಯ ಅಲ್ಲೇ ಗೊತ್ತಾಯಿತು. ಆಗಸ್ಟ್‌ನಿಂದ ಬೇರೆ ಟಿಕೆಟ್ ಬೇಕಾಗೋ ಹ್ಯಾಲೋವೀನ್ ಪಾರ್ಟಿ ಇರೋ ದಿನಗಳಲ್ಲಿ ಮಾಮೂಲಿ ಟಿಕೆಟ್‌ನವರಿಗೆ ಸಂಜೆ 6ಕ್ಕೇ ಪಾರ್ಕ್ ಮುಗಿಯುತ್ತೆ. ಅದಕ್ಕೇ ಹಗಲಲ್ಲಿ ಜನ ಕಮ್ಮಿಯಂತೆ. ರಾತ್ರಿಯ ಪಟಾಕಿ ಪ್ರದರ್ಶನ ಬೇಡ, ರೈಡ್ ಸಾಕು ಅನ್ನುವವರು ಆ ದಿನವೇ ಹೋಗಿ.