ಏಳು ವಾರದ ಉಪ್ಪುನೀರಿನ ಟ್ಯಾಂಕ್, ಮೂರು ಬಣ್ಣದ ಪಾಚಿ. ಏನು ಮಾಡಲಿ?

ಹೊಸ ಟ್ಯಾಂಕ್:
ಎಲ್ಲರಿಗೂ ನಮಸ್ಕಾರ. 100 ಲೀಟರ್ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿ ಏಳು ವಾರ ಆಯ್ತು. ಒಣ ರಾಕ್, ಹೊಸ ಮರಳು, ಎರಡು ಕ್ಲೌನ್ ಮೀನು. ಅಮೋನಿಯಾ 0, ನೈಟ್ರೈಟ್ 0, ಅಂದ್ರೆ ಸೈಕಲ್ (ಕೊಳೆ ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರುವ ಹಂತ) ಮುಗಿದಿದೆ. ಮೂರನೇ ವಾರದಲ್ಲಿ ಗಾಜು, ಮರಳಿನ ಮೇಲೆಲ್ಲ ಕಂದು ಪುಡಿ ಉದುರಿಸಿದ ಹಾಗಾಯಿತು. ಅದು ಕಡಿಮೆ ಆಯ್ತು ಅನ್ನುವಷ್ಟರಲ್ಲಿ ರಾಕ್ ಮೇಲೆ ಹಸಿರು ಕೂದಲು. ಈಗ ಮರಳಿನ ಒಂದು ಮೂಲೆಯಲ್ಲಿ ಕೆಂಪು ಪದರ. ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.02. ನಂಬರ್ ಚೆನ್ನಾಗೇ ಇದೆ ಅಲ್ವಾ? ಫಾಸ್ಫೇಟ್ ಹೀರುವ ಜಿಎಫ್‌ಓ ಡಬ್ಬಿ ತಂದಿಟ್ಟಿದ್ದೇನೆ. ಹಾಕಿಬಿಡಲಾ?

ನಿಧಾನಸ್ಥ:
ಏನೂ ಹಾಕಬೇಡಿ. ಕಂದು ಪುಡಿ ಡಯಾಟಮ್, ಒಂದು ಸೂಕ್ಷ್ಮ ಪಾಚಿ. ಹೊಸ ಮರಳು, ರಾಕ್, ನೀರಿನಲ್ಲಿರುವ ಸಿಲಿಕೇಟ್ ತಿಂದು ಬರುತ್ತೆ, ಅದು ಮುಗಿದ ಮೇಲೆ ಹೋಗುತ್ತೆ. ನಂತರ ಹಸಿರು. ಒಣ ರಾಕ್‌ನಲ್ಲಿ ಶುರು ಮಾಡಿದವರೆಲ್ಲ ಈ ದಾರಿಯಲ್ಲೇ ಬಂದವರು. ಖಾಲಿ ಸೈಟು ಕಂಡರೆ ಕಳೆ ಮೊದಲು ಬರುತ್ತೆ, ಅಷ್ಟೇ. ಕೈಯಲ್ಲಿ ಕಿತ್ತು, ನೀರು ಬದಲಿಸಿ, ಕಾಯಿರಿ.

ಫಳಫಳ ಗಾಜು:
ಕಾಯಿರಿ ಕಾಯಿರಿ ಅಂತ ಹೇಳಿ ಎಷ್ಟು ಜನ ಟ್ಯಾಂಕ್ ಮಾರಿದ್ದಾರೆ ಗೊತ್ತಾ? ಫಾಸ್ಫೇಟ್ ಇಲ್ಲದೆ ಪಾಚಿ ಬೆಳೆಯಲ್ಲ. ಜಿಎಫ್‌ಓ ಹಾಕಿ ಸೊನ್ನೆಗೆ ಇಳಿಸಿ. ನನ್ನ ಗಾಜು ವಾರಕ್ಕೊಮ್ಮೆ ಒರೆಸಿದರೆ ಸಾಕು.

ಹವಳದ ಹುಚ್ಚಿ:
ಸೊನ್ನೆಗೆ ಇಳಿಸಿ ನೋಡಿದವಳು ನಾನು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಅಂತ ಖುಷಿಪಟ್ಟು ಫೋಟೋ ಬೇರೆ ಹಾಕಿದ್ದೆ. ಹತ್ತು ದಿನಕ್ಕೆ ರಾಕ್ ತುಂಬ ಸಿಂಬಳದ ಹಾಗೆ ಕಂದು ಎಳೆ, ಪ್ರತಿ ಎಳೆಯ ತುದಿಯಲ್ಲೂ ಒಂದು ಗಾಳಿಗುಳ್ಳೆ. ಡೈನೋಫ್ಲಾಜೆಲೇಟ್, ಅಂದ್ರೆ ಡೈನೋ, ಒಂದು ಸೂಕ್ಷ್ಮ ಏಕಕೋಶ ಜೀವಿ. ಬೆಳಿಗ್ಗೆ ಲೈಟ್ ಹಾಕುವ ಮುಂಚೆ ನೋಡಿದರೆ ಅರ್ಧಕ್ಕರ್ಧ ಮಾಯ, ಸಂಜೆಗೆ ಮತ್ತೆ ಹಾಜರ್. ಬಸವನಹುಳುಗಳು ಒಂದೊಂದಾಗಿ ಅಂಗಾತ ಬಿದ್ದವು. ಕೆಲವು ಜಾತಿಯ ಡೈನೋ ವಿಷ ಬಿಡುತ್ತೆ. ಹಸಿರು ಕೂದಲು ಅದರ ಮುಂದೆ ದೇವರಂಥದ್ದು! ಕೊನೆಗೆ ನಾನು ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಬೇಕಂತಲೇ ನೀರಿಗೆ ಸುರಿಯಬೇಕಾಯಿತು. ಆ ಡಬ್ಬಿ ಮುಚ್ಚಿಟ್ಟಿರಿ.

ಫಳಫಳ ಗಾಜು:
ನೀವು ಜಾಸ್ತಿ ಹಾಕಿರಬೇಕು.

ಹವಳದ ಹುಚ್ಚಿ:
ಹೌದು, ಜಾಸ್ತಿನೇ ಹಾಕಿದ್ದೆ. ಹೊಸಬರೆಲ್ಲ ಹಾಕೋದೂ ಜಾಸ್ತಿನೇ.

ಟೆಸ್ಟ್ ಟ್ಯೂಬ್:
ಇಬ್ಬರೂ ಒಂದು ನಿಮಿಷ ತಡೀರಿ. ಆ 0.02 ಅನ್ನೇ ನಾನು ನಂಬಲ್ಲ. ಬಣ್ಣದ ಕಾರ್ಡ್ ಪಕ್ಕ ಹಿಡಿದು ನೋಡುವ ಕಿಟ್ ಆದರೆ 0.02 ಯಾವುದು, 0.08 ಯಾವುದು ಅಂತ ಹೇಳೋದು ಕಷ್ಟ. ಎರಡೂ ತಿಳಿ ನೀಲಿನೇ. ಇನ್ನೊಂದು, ಕಿಟ್ ಅಳೆಯೋದು ನೀರಿನಲ್ಲಿ ಉಳಿದಿರೋದನ್ನು ಮಾತ್ರ. ಪಾಚಿ ತಿಂದಿದ್ದು ಪಾಚಿ ಹೊಟ್ಟೆಯಲ್ಲಿದೆ. ಹಾಗಾಗಿ ಪ್ರಶ್ನೆ ಎಷ್ಟಿದೆ ಅನ್ನೋದಲ್ಲ, ಎಲ್ಲಿಂದ ಬರ್ತಾ ಇದೆ ಅನ್ನೋದು. ಲೈಟ್ ಎಷ್ಟು ಗಂಟೆ? ಊಟ ಎಷ್ಟು? ಉಪ್ಪು ಬೆರೆಸೋದು ಯಾವ ನೀರಿಗೆ? ಆವಿಯಾದ ಜಾಗಕ್ಕೆ ಯಾವ ನೀರು?

ಹೊಸ ಟ್ಯಾಂಕ್:
ಲೈಟ್ ಬೆಳಿಗ್ಗೆ 9ರಿಂದ ರಾತ್ರಿ 9. ಫ್ರೋಜನ್ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ) ದಿನಕ್ಕೆ ಒಂದು ಕ್ಯೂಬ್, ಕರಗಿಸಿ ಆ ನೀರಿನ ಸಮೇತ ಹಾಕ್ತೇನೆ. ಉಪ್ಪು ಬೆರೆಸೋಕೆ ಆರ್‌ಓ ನೀರು. ಆವಿಯಾಗಿದ್ದಕ್ಕೆ ನಲ್ಲಿ ನೀರು, ಕ್ಲೋರಿನ್ ತೆಗೆಯುವ ಹನಿ ಹಾಕಿ. ದಿನಾ ಒಂದೂವರೆ ಲೀಟರ್ ಅಷ್ಟೇ, ಅದರಿಂದ ಏನಾಗುತ್ತೆ ಅಂತ ಸುಮ್ನಿದ್ದೆ.

ಟೆಸ್ಟ್ ಟ್ಯೂಬ್:
ಸಿಕ್ಕಿತು. ಲೆಕ್ಕ ಹಾಕಿ. ದಿನಕ್ಕೆ 1.5 ಲೀಟರ್, 50 ದಿನ, 75 ಲೀಟರ್. ನಿಮ್ಮದು 100 ಲೀಟರ್ ಟ್ಯಾಂಕ್. ಮುಕ್ಕಾಲು ಟ್ಯಾಂಕ್‌ನಷ್ಟು ನಲ್ಲಿ ನೀರು ಒಳಗೆ ಹೋಗಿದೆ. ಆವಿಯಾಗೋದು ಬರೀ ನೀರು. ಅದರಲ್ಲಿದ್ದ ಫಾಸ್ಫೇಟ್, ನೈಟ್ರೇಟ್, ಸಿಲಿಕೇಟ್ ಆವಿಯಾಗಲ್ಲ, ಅಲ್ಲೇ ಕೂರುತ್ತೆ. ಪಾಯಸ ಬತ್ತಿಸಿದ ಹಾಗೆ. ಕ್ಲೋರಿನ್ ಹನಿ ಇದ್ಯಾವುದನ್ನೂ ಮುಟ್ಟಲ್ಲ.

ಆರ್‌ಓ ಅಂದ್ರಲ್ಲ, ಅದು ಕುಡಿಯುವ ನೀರಿನದ್ದಾ? ಹಾಗಾದ್ರೆ ನೀರಿನಲ್ಲಿ ಕರಗಿರೋದನ್ನು ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ನೋಡಿ. ಕೆಲವು ಯಂತ್ರ ರುಚಿಗೆ ಅಂತ ಖನಿಜ ವಾಪಸ್ ಸೇರಿಸುತ್ತೆ. ಉಪ್ಪುನೀರಿಗೆ ಆರ್‌ಓ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಮಣಿಗಳು) ದಾಟಿ 0 ಬರಬೇಕು. ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ನುಸುಳುವವುಗಳಲ್ಲಿ ಸಿಲಿಕೇಟ್ ಒಂದು. ಆಗಲೂ ಮೀಟರ್ 0 ಅಂತಲೇ ತೋರಿಸಬಹುದು, ಅದಕ್ಕೇ ರೆಸಿನ್ ಬಣ್ಣದ ಮೇಲೂ ಒಂದು ಕಣ್ಣಿರಲಿ.

ಫಳಫಳ ಗಾಜು:
12 ಗಂಟೆ ಲೈಟ್ ಬಿಟ್ಟು ನೀರಿನ ಹಿಂದೆ ಯಾಕೆ ಬಿದ್ದಿದ್ದೀರಿ? ಇನ್ನೂ ಹವಳವೇ ಇಲ್ಲದ ಟ್ಯಾಂಕ್. ಅಷ್ಟು ಬೆಳಕು ಪಾಚಿ ಬಿಟ್ಟು ಇನ್ಯಾರಿಗೆ?

ನಿಧಾನಸ್ಥ:
ಇದನ್ನು ಒಪ್ಪುತ್ತೇನೆ. ಕ್ಲೌನ್ ಮೀನಿಗೆ ಅಷ್ಟು ಲೈಟ್ ಬೇಕಿಲ್ಲ. 6 ಗಂಟೆ ಸಾಕು. ಹವಳ ಬಂದ ಮೇಲೆ 8ಕ್ಕೆ ಏರಿಸಿ. ಎರಡು ಮೀನಿಗೆ ಇಡೀ ಕ್ಯೂಬ್ ಕೂಡ ಮದುವೆ ಊಟ. ಕರಗಿದ ನೀರು ಸೋಸಿ ಚೆಲ್ಲಿ, ಕಾಲು ಭಾಗ ಹಾಕಿ. ವಾರಕ್ಕೆ 10 ಲೀಟರ್ ಬದಲಿಸುತ್ತಾ ಹೋದರೆ ಸರಿ ಹೋಗುತ್ತೆ.

ಟೆಸ್ಟ್ ಟ್ಯೂಬ್:
10 ಲೀಟರ್ ಬದಲಿಸಿದರೆ ಹೋಗೋದು ಶೇ. 10 ಮಾತ್ರ. ನಾಲ್ಕು ವಾರ ಮಾಡಿದರೆ ಶೇ. 34. ಅದೂ ಹೊಸದಾಗಿ ಏನೂ ಸೇರದಿದ್ದರೆ. ಫಾಸ್ಫೇಟ್ ವಿಷಯದಲ್ಲಿ ಅಷ್ಟೂ ಇಲ್ಲ. ಅದು ರಾಕ್‌ಗೆ, ಮರಳಿಗೆ ಅಂಟಿಕೊಂಡಿರುತ್ತೆ. ನೀರು ಬದಲಿಸಿದ ದಿನ ಇಳಿಯುತ್ತೆ, ಒಂದೆರಡು ದಿನಕ್ಕೆ ರಾಕ್ ಮತ್ತೆ ಬಿಟ್ಟುಕೊಡುತ್ತೆ. ನಾನಾಗಿದ್ದರೆ ಈಗ ಒಂದು ಸಲ 30 ಲೀಟರ್ ಬದಲಿಸಿ, ಆಮೇಲೆ ವಾರಕ್ಕೆ 10.

ನಿಧಾನಸ್ಥ:
ಒಂದೇ ಸಲ 30 ಲೀಟರ್? ಉಪ್ಪು, ಬಿಸಿ ಹೊಂದದಿದ್ದರೆ ಮೀನು ತತ್ತರಿಸುತ್ತೆ.

ಟೆಸ್ಟ್ ಟ್ಯೂಬ್:
ಹೊಂದಿಸಿಯೇ ಹಾಕೋದು. ಹಿಂದಿನ ದಿನವೇ ಬೆರೆಸಿ ಪಂಪ್ ಬಿಟ್ಟಿರಬೇಕು. ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಪಾಲು), ಟ್ಯಾಂಕಿನದ್ದೇ ಉಷ್ಣಾಂಶ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ಕೂರಿಸಿ ನಂಬಬೇಡಿ, 35 ಪಿಪಿಟಿ ದ್ರಾವಣದಲ್ಲಿ ಸರಿ ಮಾಡಿ.

ಹೊಸ ಟ್ಯಾಂಕ್:
ಸರಿ, ನಲ್ಲಿ ನೀರು ಇವತ್ತಿಗೆ ನಿಂತಿತು. ಆದ್ರೆ ಆ ಕೆಂಪು ಪದರ? ಅದೂ ಡೈನೋನಾ? ಹವಳದ ಹುಚ್ಚಿ ಅವರ ಕತೆ ಓದಿ ನಿದ್ದೆ ಬರ್ತಿಲ್ಲ.

ಹವಳದ ಹುಚ್ಚಿ:
ಹೆದರಿಸಿದ್ದಕ್ಕೆ ಕ್ಷಮಿಸಿ! ಕೆಂಪು, ಹಾಳೆಯ ಹಾಗೆ ಅಂಚು ಹಿಡಿದು ಎತ್ತಿದರೆ ಒಟ್ಟಿಗೆ ಏಳುತ್ತೆ ಅಂದ್ರೆ ಬಹುತೇಕ ಸಯನೋ. ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಅನುಮಾನ ಇದ್ರೆ ಹೀಗೆ ಮಾಡಿ. ಟ್ಯಾಂಕ್ ನೀರಿನ ಸಮೇತ ಸ್ವಲ್ಪ ಎತ್ತಿ ಸಣ್ಣ ಬಾಟಲಿಗೆ ಹಾಕಿ, ಚೆನ್ನಾಗಿ ಕುಲುಕಿ, ಟಿಶ್ಯೂ ಪೇಪರ್‌ನಲ್ಲಿ ಸೋಸಿ. ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಿ. ಡೈನೋ ಆದರೆ ಬಿಡಿಬಿಡಿಯಾಗಿ ಸೋರಿ ಹೋಗಿ, ಮತ್ತೆ ಒಂದಕ್ಕೊಂದು ಅಂಟಿ ಎಳೆಗಟ್ಟುತ್ತೆ. ಸಯನೋ ಆದರೆ ನೀರು ನೀರಾಗೇ ಇರುತ್ತೆ. ಪಕ್ಕಾ ಬೇಕು ಅಂದ್ರೆ ಮೈಕ್ರೋಸ್ಕೋಪ್.

ಹೊಸ ಟ್ಯಾಂಕ್:
ಮಾಡಿದೆ. ಒಂದೂವರೆ ಗಂಟೆ ಕಾದೆ, ಏನೂ ಗಟ್ಟಿಯಾಗಲಿಲ್ಲ.

ಹವಳದ ಹುಚ್ಚಿ:
ಸಯನೋ ಹಾಗಾದ್ರೆ. ಪೈಪ್‌ನಲ್ಲಿ ಹೀರಿ ತೆಗೆಯಿರಿ, ಆ ಮೂಲೆಗೆ ನೀರಿನ ಹರಿವು ಬೀಳುವ ಹಾಗೆ ಪಂಪ್ ತಿರುಗಿಸಿ. ಆಂಟಿಬಯೋಟಿಕ್ ಹಾಕಿ ಅಂತ ಯಾರಾದ್ರೂ ಹೇಳಿದರೆ ಕೇಳಬೇಡಿ. ಎರಡು ತಿಂಗಳೂ ತುಂಬದ ಟ್ಯಾಂಕ್, ಒಳ್ಳೆ ಬ್ಯಾಕ್ಟೀರಿಯಾಗೂ ಪೆಟ್ಟು ಬೀಳುತ್ತೆ.

ಹೊಸ ಟ್ಯಾಂಕ್ (ಮೂರು ವಾರದ ನಂತರ):
ಡಿಐ ಕಾರ್ಟ್ರಿಜ್ ಸೇರಿಸಿದೆ, ಮೀಟರ್ 0. ಹಳೆಯ ಆರ್‌ಓ ನೀರು 38 ತೋರಿಸಿತು, ನನಗೇ ನಾಚಿಕೆಯಾಯಿತು. ಲೈಟ್ 6 ಗಂಟೆ. ಒಂದು ದೊಡ್ಡ ರಾಕ್ ಹೊರಗೆ ತೆಗೆದು, ಟ್ಯಾಂಕ್ ನೀರು ತುಂಬಿದ ಬಕೆಟ್‌ನಲ್ಲಿಟ್ಟು ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆ. ಬಕೆಟ್ ನೀರು ಪಾಲಕ್ ಸಾರಿನ ಹಾಗಾಯಿತು. ನಾಲ್ಕು ಟ್ರೋಕಸ್ ಬಸವನಹುಳು ಬಿಟ್ಟಿದ್ದೇನೆ, ಅವು ಉಳಿದ ಬುಡವನ್ನು ಮೇಯುತ್ತಿವೆ. ಉದ್ದ ಕೂದಲನ್ನು ಮುಟ್ಟಲ್ಲ, ನಾನು ಕಿತ್ತ ಮೇಲೆ ಬರುತ್ತವೆ, ರಾಜರು. ಪಂಪ್ ತಿರುಗಿಸಿದ ಮೇಲೆ ಕೆಂಪು ಪದರ ಅಂಗೈಯಷ್ಟಿದ್ದದ್ದು ಹೆಬ್ಬೆರಳಷ್ಟಾಗಿದೆ. ಒಂದೇ ಗಾಬರಿ: ಡಿಜಿಟಲ್ ಚೆಕರ್ ತಗೊಂಡೆ, ಫಾಸ್ಫೇಟ್ 0.09 ತೋರಿಸ್ತಿದೆ. ಪಾಚಿ ಕಡಿಮೆ ಆಗಿ ಫಾಸ್ಫೇಟ್ ಜಾಸ್ತಿ ಆಯ್ತಾ?

ಟೆಸ್ಟ್ ಟ್ಯೂಬ್:
ತಿನ್ನುವವರನ್ನು ನೀವೇ ಕಿತ್ತು ಹಾಕಿದ್ರಿ, ಅನ್ನ ಮಿಕ್ಕಿದೆ. ಜೊತೆಗೆ ಹಳೆಯ ಕಿಟ್ ಸರಿಯಾಗಿ ತೋರಿಸಿರಲೂ ಇಲ್ಲ. 0.03ರಿಂದ 0.1 ಒಳಗೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ವಾರಕ್ಕೊಮ್ಮೆ ಬರೆದಿಡಿ, ಏರುತ್ತಾ ಹೋದರೆ ಹೇಳಿ.

ಫಳಫಳ ಗಾಜು:
ಈಗಲಾದರೂ ಒಂದೇ ಒಂದು ಚಮಚ ಜಿಎಫ್‌ಓ?

ಹವಳದ ಹುಚ್ಚಿ:
ಗುರುಗಳೇ!

ಹೊಸ ಟ್ಯಾಂಕ್:
ಡಬ್ಬಿ ಸೀಲ್ ಕೂಡ ಒಡೆದಿಲ್ಲ. ಸದ್ಯಕ್ಕೆ ಪಂಪ್ ವೈರ್ ಜಾರದ ಹಾಗೆ ಅದರ ಮೇಲೆ ಇಟ್ಟಿದ್ದೇನೆ.