‘ಫಾಸ್ಟ್ ಐಸ್’ ಕನ್ನಡದಲ್ಲಿ ಏನು? ನಾಳೆ ಅಚ್ಚಿಗೆ

ಬಲ್ಲವರಿಗೆ ನಮಸ್ಕಾರ. ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಸಂಶೋಧನಾ ನೆಲೆ ‘ಭಾರತಿ’ಯ ಫಲಕ ಬರೆಯುತ್ತಿದ್ದೇನೆ. ಲಾರ್ಸ್‌ಮನ್ ಬೆಟ್ಟಗಳ ಮುಂದೆ ಹೆಪ್ಪುಗಟ್ಟಿದ ಕಡಲನ್ನು ಕೊರೆದು ಕೆಳಗಿನ ನೀರಿನ ಮಾದರಿಯನ್ನು ಬಾಟಲಿಯಲ್ಲಿ ತೆಗೆಯುವ ಚಿತ್ರವಿದೆ. ಮೂಲದಲ್ಲಿ ‘ಫಾಸ್ಟ್ ಐಸ್’ ಎಂದಿದೆ. ಮೊಬೈಲ್ ಕೊಟ್ಟ ಅನುವಾದ: ‘ವೇಗದ ಮಂಜುಗಡ್ಡೆ’! ಕೊರೆಯುವ ‘ಆಗರ್’ಗೂ ಒಂದು ಪದ ಬೇಕು. ನಾಳೆ ಹನ್ನೊಂದು ಗಂಟೆಯೊಳಗೆ ದಯವಿಟ್ಟು.

* * *

‘ಉಪವಾಸದ ಮಂಜುಗಡ್ಡೆ’ ಎನ್ನಲಿಲ್ಲವಲ್ಲ, ಪುಣ್ಯ. ಇಲ್ಲಿ ಫಾಸ್ಟ್ ಎಂದರೆ ಅಲುಗದ್ದು, ದಡಕ್ಕೆ ಅಂಟಿಕೊಂಡದ್ದು. ಆದರೆ ಮಂಜುಗಡ್ಡೆಯೇ ಅಪಶಬ್ದ. ಮಂಜು ಇಬ್ಬನಿಯ ಬಳಗದ್ದು, ಅದಕ್ಕೆಲ್ಲಿಯ ಗಡ್ಡೆ? ಹಿಮ ಸಂಸ್ಕೃತ. ಆಲಿಕಲ್ಲಿನ ‘ಆಲಿ’ ಅಚ್ಚಗನ್ನಡ. ತಮಿಳಿನ ಆಲಂಗಟ್ಟಿಯಲ್ಲೂ ಅದೇ ಇದೆ. ‘ದಡಗಚ್ಚಾಲಿ’ ಎನ್ನಿ. ಆಗರ್‌ಗೆ ಬಡಗಿಯ ಬೈರಿಗೆ ಇದ್ದೇ ಇದೆ. ಬಾಟಲಿ ಎಂದು ಬರೆಯಬೇಡಿ, ಸೀಸೆ ಎನ್ನಿ.

* * *

ಬೈರಿಗೆ ಸರಿ. ಉಳಿದದ್ದು ಬೇಡ. ‘ದಡಗಚ್ಚಾಲಿ’ ಓದಿದ ಮಗು ಯಾರ ಕಣ್ಣಾಲಿಗೆ ಏನಾಯಿತು ಎಂದು ಕೇಳುತ್ತದೆ. ಆಲಿ ಆಕಾಶದಿಂದ ಬೀಳುವಂಥದು. ಇದು ಕಡಲ ನೀರೇ ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಉಪ್ಪನ್ನು ಹೊರದೂಡುತ್ತ ಗಟ್ಟಿಯಾದದ್ದು. ಸಂಸ್ಕೃತ ಬೇಡವೆಂದವರಿಗೆ ತಟದ ತದ್ಭವವಾದ ದಡ ಹೇಗೆ ಒಗ್ಗಿತು? ಸೀಸೆ ಪಾರಸಿಯಿಂದ ಬಂದದ್ದು ಎಂಬುದಾದರೂ ತಿಳಿದಿರಲಿ.

ನನ್ನ ಸೂಚನೆ: ‘ದಡಕ್ಕಂಟಿದ ಕಡಲ ಹೆಪ್ಪು’. ‘ನೆಲಕಚ್ಚಿದ’ ಎಂದೀರಿ, ಜೋಕೆ. ಸೋತ ಸಿನಿಮಾ ನೆನಪಾಗುತ್ತದೆ.

ಇನ್ನೊಂದು ಪದವೂ ಬೇಕಾದೀತು. ಬೈರಿಗೆ ಮೇಲೆತ್ತಿದರೆ ತೂತಿನ ತುಂಬ ಪುಡಿ ತೇಲುತ್ತದೆ. ಅದನ್ನು ಬಾಣಲೆಯಿಂದ ಬಜ್ಜಿ ತೆಗೆದಂತೆ ಜಾಲರಿ ಸೌಟಿನಿಂದ ತೆಗೆದ ಮೇಲೆಯೇ, ನೀರಿನ ಮಾದರಿ ಹಿಡಿಯುವ, ಎರಡೂ ತುದಿ ತೆರೆದ ನಿಸ್ಕಿನ್ ಬಾಟಲಿ ಕೆಳಗಿಳಿಯುವುದು. ಬೇಕಾದ ಆಳಕ್ಕೆ ಮುಟ್ಟಿದಾಗ ಹಗ್ಗದ ಗುಂಟ ಒಂದು ಗುಂಡನ್ನು ಜಾರಿಬಿಡುತ್ತಾರೆ, ಅದು ಬಡಿದರೆ ಮುಚ್ಚಳಗಳು ಮುಚ್ಚುತ್ತವೆ. ಅದರ ಹೆಸರು ಮೆಸೆಂಜರ್. ‘ಸಂದೇಶವಾಹಕ’ ಎಂದು ಹಿಗ್ಗಿಸದೆ ‘ಓಲೆಗುಂಡು’ ಎನ್ನಬಹುದು.

* * *

ಹೆಪ್ಪು ಎಂದರೆ ಹಾಲಿಗೆ ಹಾಕುವ ಮಜ್ಜಿಗೆ, ಗಟ್ಟಿಯಾದ ಮೊಸರಲ್ಲ. ಇಷ್ಟೂ ಗೊತ್ತಿಲ್ಲದೆ ತದ್ಭವದ ಪಾಠ ಬೇರೆ. ಪಾರಸಿಯಿಂದ ಬಂದರೇನು, ಸೀಸೆ ಅಜ್ಜಿಯ ಕಾಲದಿಂದ ಮನೆಯಲ್ಲಿದೆ. ನಿನ್ನೆ ಬಂದ ಬಾಟಲಿಗೂ ಅದಕ್ಕೂ ಒಂದೇ ತಕ್ಕಡಿಯೇ?

* * *

ಬಾಟಲಿಯೂ ನಮ್ಮ ಅಜ್ಜಿಯ ಮನೆಯಲ್ಲಿತ್ತು. ಔಷಧದ್ದು.

* * *

‘ದಡಕ್ಕಂಟಿದ ಕಡಲ ಮಂಜುಗಡ್ಡೆ’ ಎಂದು ಈಗಷ್ಟೇ ಕಳಿಸಿದೆ. ಬೈರಿಗೆ, ಓಲೆಗುಂಡು ಎರಡೂ ಸೇರಿವೆ. ಬಾಟಲಿ ಬಾಟಲಿಯಾಗಿಯೇ ಉಳಿದಿದೆ, ಕ್ಷಮಿಸಿ.