ಹಗ್ಗ ಬಿಡೂದು ಯಾವಾಗ, ಡಬ್ಬಿ ಇಡೂದು ಎಲ್ಲಿ? ಫಿಸಿಕ್ಸ್ ಪಝಲ್ ಗೇಮ್ ಹೊಸಬರ ಪ್ರಶ್ನೋತ್ತರ

ಅಡ್ಮಿನ್: ಈ ವಾರ ಉತ್ತರ ಕೊಡವ್ರು ಬೆಳಗಾವಿ ಟಿಳಕವಾಡಿಯವರು. ಗೇಮ್ ಸ್ಟುಡಿಯೋ ಒಂದರಾಗ ಲೆವೆಲ್ ಡಿಸೈನ್ (ಆಟದ ಹಂತ ಕಟ್ಟೂದು) ಮತ್ತ ಫಿಸಿಕ್ಸ್ ಕೆಲಸ ಮಾಡ್ತಾರ. ಲಿಂಬೋ, ಹ್ಯೂಮನ್ ಫಾಲ್ ಫ್ಲ್ಯಾಟ್, ಟ್ರೈನ್ ಇಂಥಾ ಫಿಸಿಕ್ಸ್ ಪಝಲ್ ಗೇಮ್ (ತೂಕ, ವೇಗ, ಜಾರಿಕಿ ಲೆಕ್ಕ ಹಿಡದು ಅಡಚಣಿ ದಾಟೂ ಆಟ) ಹೊಸದಾಗಿ ಹಿಡದವ್ರು ಕೇಳ್ರಿ. ಪಝಲ್ ಉತ್ತರ ಬಿಚ್ಚಿಡೂ ಕಮೆಂಟ್ ಬ್ಯಾಡ್ರಿ, ಅಳಿಸಿಬಿಡ್ತೀನಿ.

ಪ್ರಶ್ನೆ (ನವನಗರ, ಬಾಗಲಕೋಟೆ): ನಮಸ್ಕಾರ ಸರ್ರ. ಡಿಪ್ಲೊಮಾ ಎರಡನೇ ವರ್ಷ ಓದಾಕತ್ತೀನಿ. ಇಷ್ಟ ದಿನ ಬರೇ ಗುಂಡ ಹಾರಸೂ ಗೇಮ್ ಆಡೇನ್ರಿ, ಅದರಾಗ ನನ್ನ ಕೈ ಚಲೋ ಐತಿ. ಮೊನ್ನೆ ಸೇಲ್‌ನ್ಯಾಗ ಲಿಂಬೋ ತಗೊಂಡೆ. ಎರಡ ಬಟನ್ನಿನ ಗೇಮ್, ಆದ್ರೂ ಮುಂದ ಹೋಗಾಕ ಆಗವಲ್ದು. ಹಗ್ಗ ಹಿಡದ ಹಾರಿದ್ರ ನೆಟ್ಟಗ ಕೆಳಗ ಬೀಳ್ತೀನಿ, ಡಬ್ಬಿ ತಳ್ಳಿದ್ರ ಬ್ಯಾಡಾದ ಕಡೆ ಹೋಗಿ ಕೂಡತೈತಿ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ತಮ್ಮಾ, ಗುಂಡ ಹಾರಸೂ ಗೇಮಿನ್ಯಾಗ ಕೈ ಚುರುಕ ಇದ್ದಾಂವ ಗೆಲ್ತಾನ. ಆ ರೂಢಿನ ಇಲ್ಲಿ ನಿನಗ ಅಡ್ಡ ಬರಾಕತ್ತೈತಿ. ಈ ಗೇಮಿನ್ಯಾಗ ಅವಸರ ಮಾಡಿದಾಂವ ಒಂದ ತಪ್ಪನ್ನ ಮತ್ತ ಮತ್ತ ಜೋರಾಗಿ ಮಾಡ್ತಾನ, ಅಷ್ಟ.

ಹೊಸ ಜಾಗಕ್ಕ ಬಂದಕೂಡ್ಲೆ ದಾಟಾಕ ಹೋಗಬ್ಯಾಡ. ಮೊದಲ ಅಲ್ಲಿರೂ ಸಾಮಾನು ಒಂದೊಂದ ಮುಟ್ಟಿ ನೋಡು. ಡಬ್ಬಿ ಸ್ವಲ್ಪ ತಳ್ಳಿ ಕೈ ಬಿಡು. ಅಲ್ಲೇ ನಿಂತ್ರ ನೆಲ ಅದನ್ನ ಹಿಡಿತೈತಿ ಅಂತ ಅರ್ಥ, ನಿಶ್ಚಿಂತಿಂದ ಅಂಚಿನ ತನಕ ಒಯ್ಯಬಹುದು. ಕೈ ಬಿಟ್ಟ ಮ್ಯಾಲೂ ಜಾರಿದ್ರ ಅಂಚಿಗೆ ಒಂದ ಹೆಜ್ಜಿ ಮೊದಲೇ ಬಿಡಬೇಕು. ಹಲಗಿ ಮ್ಯಾಲ ಕಾಲಿಟ್ಟು ಹಿಂದ ಸರಿ: ಬಾಗಿತೋ, ತಿರುಗಿತೋ, ಹಂಗ ನಿಂತಿತೋ? ಹಿಂಗ ನೋಡಾಕ ಒಂದ ನಿಮಿಷ ಹಿಡಿತೈತಿ. ನೋಡದ ಓಡಿದ್ರ ಅದ ಜಾಗದಾಗ ಅರ್ಧ ತಾಸು ಕೂಡ್ತಿ.

ಯಾಕಂದ್ರ ಗೇಮ್ ನಡಸೂ ಫಿಸಿಕ್ಸ್ ಎಂಜಿನ್ನು ಪ್ರತಿ ವಸ್ತುವಿಗೂ ತೂಕ ಎಷ್ಟು, ಘರ್ಷಣೆ ಎಷ್ಟು, ಎಷ್ಟ ಪುಟಿತೈತಿ ಅಂತ ಅಂಕಿ ಇಟ್ಕೊಂಡಿರತೈತಿ. ಒಂದ ಡಬ್ಬಿ ಇಲ್ಲಿ ಹೆಂಗ ನಡ್ಕೊಂಡಿತ್ತೋ ಅದ ಡಬ್ಬಿ ಅಲ್ಲೂ ಹಂಗ ನಡ್ಕೋತೈತಿ. ಲೆವೆಲ್ ಕಟ್ಟೂ ನಮ್ಮಂಥವರ ಒಂದ ಪದ್ಧತಿನೂ ಹೇಳ್ತೀನಿ. ಹೊಸ ಸಾಮಾನು ಮೊದಲ ಸಲ ಬರೂದು ಬಹುತೇಕ ಅಪಾಯ ಇಲ್ಲದ ಜಾಗದಾಗ. ಆಮ್ಯಾಲ ಅದಕ್ಕ ಒಂದ ಮುಳ್ಳೋ ಗುಂಡಿಯೋ ಸೇರಿಸ್ತೀವಿ. ಅದಾದ ಮ್ಯಾಲ ಹಿಂದ ಕಲಿಸಿದ್ದ ಎರಡ ವಸ್ತು ಕೂಡಿಸಿ ಒಂದ ಪಝಲ್ ಮಾಡ್ತೀವಿ. ಅದಕ್ಕ ಎಲ್ಲೆರ ಸಿಕ್ಕೊಂಡ್ರ, ‘ಇದನ್ನ ಮೊದಲ ಎಲ್ಲಿ ನೋಡಿದ್ದೆ, ಅಲ್ಲಿ ಏನ್ ಮಾಡಿತ್ತು?’ ಅಂತ ನೆನಪ ಮಾಡ್ಕೊ. ಡಿಸೈನರ್ ಹಾದ್ಯಾಗ ಸುಮ್ಮನ ಒಂದ ಡಬ್ಬಿ ಇಟ್ಟಿರೂದು ಭಾಳ ಕಡಿಮಿ.

ಈಗ ಹಗ್ಗ. ಪಂಚಮಿಗೆ ಜೋಕಾಲಿ ಆಡಿದಾಂವ ನೀ, ಹೇಳೂದು ಸಸಾರ. ಜೋಕಾಲಿ ಮುಂದಿನ ತುದಿಗೆ ಹೋಗಿ ಒಂದ ಕ್ಷಣ ನಿಲ್ತೈತಲ್ಲ, ಅಲ್ಲಿ ವೇಗ ಸೊನ್ನೆ. ಅಲ್ಲಿ ಕೈ ಬಿಟ್ರ ಕಾಲಿನ ಕೆಳಗ ನೇರ ಬೀಳ್ತಿ. ನಿನಗ ಆಗಾಕತ್ತಿದ್ದು ಇದ. ಮಂದಿ ‘ಎಷ್ಟ ಮುಂದ ಹೋಗತೈತೋ ಹೋಗಲಿ’ ಅಂತ ಕಾಯ್ತಾರ, ಅಷ್ಟರಾಗ ವೇಗ ಮುಗದಿರತೈತಿ. ಹಗ್ಗ ನೆಟ್ಟಗ ಇದ್ದಾಗ ವೇಗ ಎಲ್ಲಕ್ಕಿಂತ ಹೆಚ್ಚು, ಆದ್ರ ಅದು ಬರೇ ಅಡ್ಡ ವೇಗ, ಮ್ಯಾಲ ಎತ್ತಂಗಿಲ್ಲ. ಈ ಎರಡರ ನಡುವ, ಮುಂದ ಏರಾಕತ್ತಿದ್ದಾಗ, ಅರ್ಧ ಹಾದಿಯಾಗ ಬಿಡು. ಅಡ್ಡನೂ ಮ್ಯಾಲನೂ ಎರಡೂ ವೇಗ ಇರತೈತಿ. ಜೀಕೂದೂ ಹಂಗ: ಹಗ್ಗ ಮುಂದ ಹೊಂಟಾಗ ಮುಂದಿನ ಬಾಣ ಒತ್ತು, ಹಿಂದ ಬರೂವಾಗ ಹಿಂದಿಂದು. ಎಡ ಬಲ ಗಡಿಬಿಡಿಂದ ಬಡದ್ರ ನಿನ್ನ ವೇಗನ ನೀನ ತಿಂದ ಹಾಕ್ತಿ. ಹಗ್ಗದ ಕೆಳಗಿನ ತುದಿಗೆ ಇಳದ್ರ ಕಮಾನು ದೊಡ್ಡದಾಗತೈತಿ, ದೂರ ಒಯ್ಯತೈತಿ, ಆದ್ರ ಹೋಗಿ ಬರಾಕ ಹೊತ್ತೂ ಹೆಚ್ಚ ಹಿಡಿತೈತಿ. ಕೆಳಗ ಗರಗಸ ತಿರುಗಾಕತ್ತಿದ್ರ ಆ ಲೆಕ್ಕನೂ ಬೇಕು.

ಇನ್ನ ನಡುವ ಗೂಟ ಇರೂ ಹಲಗಿ. ಅಲ್ಲಿ ತೂಕ ಒಂದ ನೋಡಿದ್ರ ಸಾಲದು, ಗೂಟದಿಂದ ಎಷ್ಟ ದೂರ ಅಂತನೂ ನೋಡಬೇಕು. ಗೂಟದಿಂದ ಒಂದ ಮೀಟರ್ ದೂರ 10 ಕೆಜಿ ಇಟ್ರೂ ಒಂದ, ಎರಡ ಮೀಟರ್ ದೂರ 5 ಕೆಜಿ ಇಟ್ರೂ ಒಂದ. ‘ಡಬ್ಬಿ ಹಗುರ ಐತಿ, ಹಲಗಿ ಏಳವಲ್ದು’ ಅನಸಿದ್ರ ಬ್ಯಾರೆ ಡಬ್ಬಿ ಹುಡಕೂಕಿಂತ ಮೊದಲ ಇದ್ದದ್ದನ್ನ ತುದಿಗೆ ಸರಿಸು.

ಸಾಯೂದಕ್ಕ ಅಂಜಬ್ಯಾಡ. ಲಿಂಬೋದಾಗ ಸತ್ತ ಜಾಗದ ಹತ್ರದಿಂದನ ಮತ್ತ ಶುರುವಾಗತೈತಿ, ಬಂದೂಕಿನ ಗೇಮಿನಂಗ ಮ್ಯಾಚ್ ಕಳಕೊಳ್ಳೂದಿಲ್ಲ. 2010ರಾಗ ಡೆನ್ಮಾರ್ಕಿನ ಪ್ಲೇಡೆಡ್ ಕಂಪನಿ ಅದನ್ನ ಮಾಡಿದ್ದ ಹಂಗ, ಸತ್ತು ಕಲೀಲಿ ಅಂತ. ನೀರ ಮಾತ್ರ ನೆನಪಿರಲಿ. ಅದರಾಗ ನಾವು ಆಡಸೂ ಹುಡುಗಗ ಈಜು ಬರಂಗಿಲ್ಲ, ಡಬ್ಬಿ ಮಾತ್ರ ತೇಲತೈತಿ. ಇದಕ್ಕಿಂತ ಹೆಚ್ಚ ಹೇಳಿದ್ರ ಅಡ್ಮಿನ್ ನನ್ನ ಕಮೆಂಟೂ ಅಳಿಸ್ತಾರ.

ಪ್ರಶ್ನೆ (ಸಿಂದಗಿ, ವಿಜಯಪುರ ಜಿಲ್ಲೆ): ಅಣ್ಣಾರ, ನನ್ನ ಲ್ಯಾಪ್‌ಟಾಪ್ ಹಳೇದು. ಹ್ಯೂಮನ್ ಫಾಲ್ ಫ್ಲ್ಯಾಟ್ ಹಾಕೀನಿ. ಜಂಪ್ ಒತ್ತಿದ್ರ ಅದರಾಗಿನ ಮನಷ್ಯಾ ತಡಾ ಮಾಡಿ ಹಾರ್ತಾನ್ರಿ. ಕೈ ನಂದ ನಿಧಾನ ಏನೋ, ಮಷೀನ್ ನಿಧಾನ ಏನೋ ತಿಳಿವಲ್ದು.

ಉತ್ತರ: ಸ್ವಲ್ಪ ಎರಡೂ ಇರಬಹುದು, ಆದ್ರ ಮೊದಲ ಮಷೀನ್ ನೋಡೂಣು. ಆ ಗೇಮ್ ಯೂನಿಟಿ ಅನ್ನೂ ಎಂಜಿನ್ನಿಂದು, ಅಂದ್ರ ಗೇಮ್ ಕಟ್ಟಾಕ ಬಳಸೂ ಸಾಫ್ಟ್‌ವೇರಿಂದು. ಯೂನಿಟಿಯಾಗ ಫಿಸಿಕ್ಸ್ ಲೆಕ್ಕ ಚಿತ್ರದ ಜೋಡಿ ನಡಿಯಂಗಿಲ್ಲ, ಬ್ಯಾರೆ ಗಡಿಯಾರದಾಗ ನಡಿತೈತಿ. ಡಿಸೈನರ್ ಬದಲಿ ಮಾಡದಿದ್ರ 0.02 ಸೆಕೆಂಡಿಗೊಮ್ಮೆ, ಅಂದ್ರ ಸೆಕೆಂಡಿಗೆ 50 ಸಲ. ಬಟನ್ ಒತ್ತಿದ್ದು ಮಾತ್ರ ಚಿತ್ರ ಬದಲಾಗೂವಾಗ ಗೇಮಿಗೆ ಗೊತ್ತಾಗತೈತಿ. ಸೆಕೆಂಡಿಗೆ 60 ಚಿತ್ರ ಬರಾಕತ್ತಿದ್ರ ಒಂದ ಚಿತ್ರಕ್ಕ ಸುಮಾರು 17 ಮಿಲಿಸೆಕೆಂಡ್. 20ಕ್ಕ ಇಳದ್ರ 50 ಮಿಲಿಸೆಕೆಂಡ್. ಅಂಚಿನ ಮ್ಯಾಲ ಓಡಾಕತ್ತಾಂವಗ ಅಷ್ಟ ಸಾಕು ಬೀಳಾಕ.

ಸೆಟ್ಟಿಂಗ್ಸಿಗೆ ಹೋಗಿ ರೆಸಲ್ಯೂಷನ್ ಇಳಸ್ರಿ, ನೆರಳು (ಶ್ಯಾಡೋ) ಬಂದ್ ಮಾಡ್ರಿ. ಹಿಂದ ಬ್ರೌಸರ್ ತೆರದಿದ್ರ ಮುಚ್ರಿ. ವಿ-ಸಿಂಕ್ (ಪರದಿಯ ವೇಗಕ್ಕ ಚಿತ್ರ ಹೊಂದಿಸೂ ಸೆಟ್ಟಿಂಗ್) ತಗದ ನೋಡ್ರಿ, ಚಿತ್ರ ಸ್ವಲ್ಪ ಹರದಂಗ ಕಾಣಬಹುದು, ಆದ್ರ ತಡ ಕಡಿಮಿ ಆಗತೈತಿ. ಚಾರ್ಜರ್ ಹಚ್ಚೇ ಆಡ್ರಿ, ಬ್ಯಾಟರಿ ಮ್ಯಾಲ ಭಾಳ ಲ್ಯಾಪ್‌ಟಾಪ್ ತಾವ ವೇಗ ತಗ್ಗಿಸಿಕೋತಾವ. ಟಿವಿಗೆ ಜೋಡಿಸಿದ್ರ ಟಿವಿಯ ‘ಗೇಮ್ ಮೋಡ್’ ಹಾಕ್ರಿ, ವೈರಿನ ಕಂಟ್ರೋಲರ್ ಇದ್ರ ಇನ್ನೂ ಚಲೋ.

ಕೈ ವಿಷಯ: ಅಂಚಿನ ಕಟ್ಟಕಡೀ ಇಂಚಿನ ತನಕ ಕಾಯಬ್ಯಾಡ್ರಿ. ಸೆಲೆಸ್ಟ್ ಅಂಥಾ ಗೇಮಿನ್ಯಾಗ ಅಂಚು ದಾಟಿ ಗಾಳ್ಯಾಗ ಕಾಲಿಟ್ಟ ಮ್ಯಾಲೂ ಕಣ್ಣ ಪಿಳಕಿಸೂವಷ್ಟ ಹೊತ್ತು ಜಂಪ್ ನಡಿತೈತಿ, ಅದಕ್ಕ ‘ಕೊಯೊಟಿ ಟೈಮ್’ ಅಂತಾರ. ಎಲ್ಲಾ ಗೇಮಿನ್ಯಾಗೂ ಆ ಸವಲತ್ತು ಇರತೈತಿ ಅಂತ ನಂಬಬ್ಯಾಡ್ರಿ.

ಪ್ರಶ್ನೆ (ಶಹಾಪುರ, ಬೆಳಗಾವಿ): ಸರ್, ನಾನು ಮತ್ತ ನನ್ನ ಮಗ ಕೂಡಿ ಆಡ್ತೀವಿ, ಏಳನೇತ್ತ ಅವ. ಅದ ಹ್ಯೂಮನ್ ಫಾಲ್ ಫ್ಲ್ಯಾಟ್, ಟಿವಿಯಾಗ ಸ್ಕ್ರೀನ್ ಎರಡ ಮಾಡಿ. ಅವ ಗೋಡಿ ಹತ್ತಿ ನಿಂತ ನಗತಾನ, ನಾ ಕೆಳಗ ಕೈ ಎತ್ತಿ ಜೋಲಿ ಹೊಡಿಯಾಕತ್ತಿರ್ತೀನಿ. ಹತ್ತೂದು ಹೆಂಗ್ರಿ? ಕೇಳಿದ್ರ ಹೇಳವಲ್ಲ ಹುಡುಗ.

ಉತ್ತರ: ಅಕ್ಕಾರ, ಹುಡುಗನ ಗುಟ್ಟು ಬಯಲ ಮಾಡ್ತೀನಿ. ಆ ಗೇಮಿನ್ಯಾಗ ಎಡಗೈಗೆ ಒಂದ ಬಟನ್, ಬಲಗೈಗೆ ಒಂದ. ಮೌಸ್ ಇದ್ರ ಎಡ ಬಲ ಕ್ಲಿಕ್, ಕಂಟ್ರೋಲರ್ ಇದ್ರ ಎರಡ ಟ್ರಿಗರ್. ಕೈ ಎತ್ತರ ತಗ್ಗು ಆಗೂದು ನೀವು ನೋಡೂ ದಿಕ್ಕಿನ ಮ್ಯಾಲ. ಗೋಡಿಗೆ ಮುಖ ಮಾಡಿ ಹತ್ರ ನಿಲ್ರಿ. ಮ್ಯಾಲ ನೋಡ್ರಿ, ಎರಡೂ ಕೈ ಬಟನ್ ಒತ್ತಿ ಹಿಡೀರಿ, ಹಾರ್ರಿ. ಕೈ ಗೋಡಿ ಅಂಚಿಗೆ ಅಂಟತಾವ. ಇಲ್ಲಿತನಕ ನೀವು ಮಾಡಾಕತ್ತೀರಿ ಅನಸತೈತಿ. ಮುಂದಿಂದ ಬಿಟ್ಟೀರಿ: ಬಟನ್ ಬಿಡದ ಈಗ ನಿಧಾನಕ್ಕ ಕೆಳಗ ನೋಡ್ರಿ, ಜೋಡಿಗೆ ಮುಂದ ಹೋಗೂ ಕಡ್ಡಿ ಒತ್ರಿ. ನೋಟ ಕೆಳಗ ಹೋದಂಗ ಕೈ ಕೆಳಗ ಒತ್ತತಾವ, ಮೈ ಮ್ಯಾಲ ಏಳತೈತಿ. ಎದಿ ಅಂಚು ದಾಟಿದ ಮ್ಯಾಲನ ಕೈ ಬಿಡ್ರಿ. ಮ್ಯಾಲ ನೋಡ್ಕೋತನ ಇದ್ರ ಇಡೀ ದಿನ ಜೋತಾಡಿದ್ರೂ ಏರಂಗಿಲ್ಲ.

ಭಾರದ್ದು ಎತ್ತೂವಾಗ ಇಬ್ಬರೂ ಒಂದ ಬದಿಗೆ ನಿಲ್ಲಬ್ಯಾಡ್ರಿ, ಎದುರು ಬದುರು ಹಿಡೀರಿ. ಒಬ್ಬರು ನಡೀರಿ ಅಂದಾಗ ಇಬ್ಬರೂ ನಡೀರಿ. ಜಗಳ ಹತ್ತೂದು ಅಲ್ಲೇ. ಬಿದ್ರೂ ಚಿಂತಿಲ್ಲ, ಬಿದ್ದಾಂವ ಮತ್ತ ಆಕಾಶದಿಂದ ಉದುರತಾನ. ಮಗಗ ಲಿಂಬೋ ಸದ್ಯ ಕೊಡಬ್ಯಾಡ್ರಿ. ಕಪ್ಪು ಬಿಳುಪಿನಾಗ ಇದ್ರೂ ಆ ಗೇಮಿನ ಹುಡುಗ ಸಾಯೂದನ್ನ ಭಾಳ ಕ್ರೂರಾಗಿ ತೋರಸ್ತಾರ.

ಪ್ರಶ್ನೆ (ಗೋಕಾಕ): ಡಬ್ಬಿ ಮ್ಯಾಲ ಡಬ್ಬಿ ಇಟ್ರ ತಾನಾಗಿ ನಡಗಿ ಬೀಳತೈತಲ್ರಿ. ಯಾರೂ ಮುಟ್ಟಿರಂಗಿಲ್ಲ. ಬಗ್ (ಪ್ರೋಗ್ರಾಮಿನ ತಪ್ಪು) ಅಲ್ಲೇನ್ರಿ ಇದು?

ಉತ್ತರ: ಈ ಪ್ರಶ್ನಿ ನನ್ನ ಕೆಲಸದ ಹೊಟ್ಟಿಗೇ ಬಂತು. ಬಗ್ ಅನ್ನೂದಕ್ಕಿಂತ ಎಂಜಿನ್ನಿನ ಮಿತಿ ಅನ್ರಿ. ಎರಿನ್ ಕ್ಯಾಟೋ ಅನ್ನವ್ರು ಮಾಡಿದ ಬಾಕ್ಸ್‌2ಡಿ ಅಂತ ಒಂದ ಉಚಿತ ಎಂಜಿನ್ ಐತಿ, ಆಂಗ್ರಿ ಬರ್ಡ್ಸ್ (2009) ನಡದದ್ದು ಅದರ ಮ್ಯಾಲನ. ಅಂಥಾ ಎಂಜಿನ್ನು ಯಾವ ಡಬ್ಬಿ ಯಾವುದನ್ನ ಎಷ್ಟ ಒತ್ತತೈತಿ ಅಂತ ಒಂದ ಸಲಕ್ಕ ಕರಾರುವಾಕ್ಕಾಗಿ ಬಿಡಸಂಗಿಲ್ಲ. ಅಂದಾಜ ಮಾಡಿ, ತಿದ್ದಿ, ಮತ್ತ ತಿದ್ದಿ, ಸಾಕು ಅಂತ ನಿಲ್ಲಸತೈತಿ. ಕೆಳಗ ಹಗುರ, ಮ್ಯಾಲ ಭಾರ ಇದ್ರ ಆ ತಿದ್ದೂದು ಮುಗಿಯೂಕಿಂತ ಮೊದಲ ಹೊತ್ತ ಮುಗಿತೈತಿ, ಉಳದ ತಪ್ಪು ನಡುಕಾಗಿ ಕಾಣತೈತಿ. ಬಾಕ್ಸ್‌2ಡಿಯ ಕೈಪಿಡಿನ ಹೇಳತೈತಿ, ತೂಕದ ಅಂತರ ಹತ್ತ ಪಟ್ಟು ಮೀರಿದ್ರ ಪೇರಿಕಿ ನಿಲ್ಲೂದು ಕೆಡತೈತಿ ಅಂತ.

ಆಟಗಾರ ಮಾಡಬೇಕಾದ್ದು: ಭಾರದ್ದ ಕೆಳಗ ಇಡ್ರಿ. ಒಂದ ಇಟ್ಟ ಮ್ಯಾಲ ಅದು ಪೂರ್ತಿ ಸುಮ್ಮನಾಗೂ ತನಕ ಕಾದು ಇನ್ನೊಂದ ಇಡ್ರಿ. ಅಲುಗಾಟ ನಿಂತ ವಸ್ತುವನ್ನ ಎಂಜಿನ್ನು ‘ನಿದ್ದಿ’ಗೆ ಕಳಸತೈತಿ, ಯಾರೆರ ಮುಟ್ಟೂ ತನಕ ಅದರ ಲೆಕ್ಕನ ಮಾಡಂಗಿಲ್ಲ. ಪೇರಿಕಿ ಮ್ಯಾಲ ಹಾರಿ ಇಳಿಯಬ್ಯಾಡ್ರಿ, ನಡದ ಹತ್ರಿ. ಜಾರಿಕಿ ಬಗ್ಗೆನೂ ಒಂದ ಮಾತು. ಬಾಕ್ಸ್‌2ಡಿಯಾಗ ಎರಡ ಮೈಯ ಘರ್ಷಣೆ ಅಂಕಿ ಗುಣಿಸಿ ವರ್ಗಮೂಲ ತಗೀತಾರ. ಒಂದರದ್ದು ಸೊನ್ನೆ ಆದ್ರ ಒಟ್ಟೂ ಸೊನ್ನೆ. ಬರ್ಫದ ಮ್ಯಾಲ ಎಂಥಾ ಒರಟ ಡಬ್ಬಿ ಇಟ್ರೂ ಜಾರೂದ ಅದಕ್ಕ.

ಪ್ರಶ್ನೆ (ಜಮಖಂಡಿ): ಇಷ್ಟೆಲ್ಲಾ ಯಾಕ್ರಿ, ಯೂಟ್ಯೂಬ್ ನೋಡಿದ್ರ ಹತ್ತ ನಿಮಿಷದಾಗ ಮುಗಿತಲ್ಲ.

ಉತ್ತರ: ಮುಗಿತೈತಿ. ಲಿಂಬೋ ಇರೂದ ಮೂರ ನಾಕ ತಾಸು, ಅದನ್ನೂ ನೋಡಿ ಮುಗಿಸಿದ್ರ ರೊಕ್ಕ ಕೊಟ್ಟದ್ದು ಯಾತಕ್ಕ? ತೀರಾ ತಲಿ ಕೆಟ್ರ ಗೇಮ್ ಬಂದ್ ಮಾಡಿ ಊಟ ಮಾಡ್ರಿ. ಆಮ್ಯಾಲೂ ಆಗಲಿಲ್ಲಂದ್ರ ವಿಡಿಯೋದಾಗ ಮೊದಲನೇ ಹೆಜ್ಜಿ ಅಷ್ಟ ನೋಡಿ ನಿಲ್ಲಸ್ರಿ.

ಪ್ರಶ್ನೆ (ನವನಗರ, ಬಾಗಲಕೋಟೆ): ಸರ್ರ, ಹಗ್ಗ ದಾಟಿದೆ! ಇನ್ನೊಂದ ಕೇಳ್ತೀನಿ. ಗೆಳ್ಯಾ ಒಬ್ಬ ಹ್ಯೂಮನ್ ಫಾಲ್ ಫ್ಲ್ಯಾಟ್‌ನ್ಯಾಗ ಬಾಗಲಾ ತೆರಿಯೂ ಪಝಲ್ ಬಿಟ್ಟು ಗೋಡಿ ಮ್ಯಾಲಿಂದನ ಜಿಗದ ಹೋದ. ಅದು ಮೋಸ ಅಲ್ಲೇನ್ರಿ?

ಉತ್ತರ: ಶಾಬಾಸ್. ಮೋಸ ಅಲ್ಲ ತಮ್ಮಾ. ಗೋಡಿ ಹತ್ತಾಕ ಬರೂವಂಗ ಇಟ್ಟದ್ದ ಅವರು. ಆ ಗೇಮಿನ ಮಜಾ ಅದ, ಒಂದ ಲೆವೆಲ್ಲಿಗೆ ಹತ್ತ ಹಾದಿ. ಲಿಂಬೋದಾಗ ಹಂಗ ನಡಿಯಂಗಿಲ್ಲ, ಅಲ್ಲಿ ಬಹುತೇಕ ಒಂದ ಬಾಗಲಾಕ್ಕ ಒಂದ ಕೀಲಿ. ಟ್ರೈನ್ (2009, ಫಿನ್ಲೆಂಡಿನ ಫ್ರೋಜನ್‌ಬೈಟ್) ಸಿಕ್ರ ಆಡಿ ನೋಡು, ಅದರಾಗಿನ ಮಾಂತ್ರಿಕ ಡಬ್ಬಿ ಹಲಗಿ ತಾನ ಹುಟ್ಟಿಸ್ತಾನ. ಪೇರಿಸಿ ಪೇರಿಸಿ ಅರ್ಧ ಗೇಮ್ ದಾಟಬಹುದು.

ಪ್ರಶ್ನೆ (ಮುದ್ದೇಬಿಹಾಳ): ನಮ್ಮ ಕಡೆ ಕರೆಂಟ್ ಯಾವಾಗ ಹೋಗತೈತೋ ಗೊತ್ತಿಲ್ರಿ. ಆಡಿದ್ದೆಲ್ಲಾ ಹೋಗತೈತೇನು?

ಉತ್ತರ: ಇಲ್ರಿ. ಲಿಂಬೋ, ಹ್ಯೂಮನ್ ಫಾಲ್ ಫ್ಲ್ಯಾಟ್ ಎರಡೂ ಗೇಮ್ ಚೆಕ್‌ಪಾಯಿಂಟ್ (ಸತ್ರ ಮತ್ತ ಶುರುವಾಗೂ ಜಾಗ) ದಾಟಿದಂಗ ತಾವ ಸೇವ್ ಮಾಡ್ಕೋತಾವ. ಕಡೀ ಚೆಕ್‌ಪಾಯಿಂಟಿನ ನಂತರ ಆಡಿದ್ದಷ್ಟ ಹೋಗತೈತಿ. ಸೇವ್ ಆಗಾಕತ್ತಿದ್ದಾಗ ಮಾತ್ರ ನೀವಾಗಿ ಸ್ವಿಚ್ ತಗೀಬ್ಯಾಡ್ರಿ, ಫೈಲ್ ಕೆಟ್ರ ಮೊದಲಿಂದ ಆಡಬೇಕಾಗಬಹುದು.